ಅನಧ್ಯಯನ

ಸಂಸ್ಕೃತ ಪಾಠಶಾಲೆಗಳಲ್ಲಿ ರಜೆಯೆಂಬ ಮಾತು ಬಳಕೆಯಲ್ಲಿರಲಿಲ್ಲ. ಪಾಠವಿಲ್ಲದ ದಿನಕ್ಕೆ ಅನಧ್ಯಯನವೆಂದು ಹೆಸರು. ಪ್ರತಿಪದೆ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅದಕ್ಕೆ ನಿಯತವಾದ ತಿಥಿಗಳು. ಇವಲ್ಲದೆ ಅಕಾಲದಲ್ಲಿ ಗುಡುಗಿದರೆ, ಧೂಳೆಬ್ಬಿಸುವ ಗಾಳಿ ಬೀಸಿದರೆ, ಶಿಷ್ಟನಾದ ಅತಿಥಿಯು ಮನೆಗೆ ಬಂದರೆ ಓದನ್ನು ನಿಲ್ಲಿಸಬೇಕೆಂದು ಧರ್ಮಶಾಸ್ತ್ರಕಾರರು ವಿಧಿಸಿದ್ದಾರೆ. ಈ ವಿಧಿಯನ್ನು ಮೀರಿ ಓದಿದವನಿಗೆ ಹೆಚ್ಚು ವಿದ್ಯೆ ಬರುವುದಿಲ್ಲ, ಬಂದ ವಿದ್ಯೆಯೇ ಸವೆಯುವುದು ಎಂದು ಹಿರಿಯರ ನಂಬಿಕೆ. ಸುಂದರಕಾಂಡದಲ್ಲಿ ಅಶೋಕವನದ ಸೀತೆಯ ಕೃಶತೆಯನ್ನು ಹೇಳಬೇಕಾದಾಗ ವಾಲ್ಮೀಕಿಗಳು ಪ್ರತಿಪದೆಯ ದಿನವೂ ಪಾಠಮಾಡುವವನ ವಿದ್ಯೆಯನ್ನೇ ಉಪಮಾನವಾಗಿ ತಂದಿದ್ದಾರೆ. ಬಿಡುವೂ ಓದಿನ ಒಂದು ಅಂಗವೆಂಬ ತಿಳಿವಳಿಕೆ ಎಷ್ಟು ಹಳೆಯದೆಂಬುದು ಇದರಿಂದ ಗೊತ್ತಾಗುವುದು.

ಪಂಚಾಂಗದ ಆ ಬಿಡುವು ಈಗ ವಾರದ ಬಿಡುವಾಗಿದೆ. ಕಲಬುರಗಿಯ ಸೀಮೆಯಲ್ಲಿ ಅದು ಎರಡು ಸಲ ಸ್ಥಳ ಬದಲಾಯಿಸಿತು. ನಿಜಾಮರ ಆಳಿಕೆಯಲ್ಲಿ ಕಚೇರಿ ಮತ್ತು ಶಾಲೆಗಳಿಗೆ ಶುಕ್ರವಾರ ರಜೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಅದು ಭಾನುವಾರಕ್ಕೆ ಬಂದಿತು. ವಾರ ಯಾವುದಾದರೂ ಆಗಲಿ. ಆ ದಿನವನ್ನು ಮನೆಯವರು ಹೇಗೆ ಕಳೆಯುವರೆಂಬುದೇ ವಿಚಾರ. ಅದರಲ್ಲಿಯೂ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇದು ಸಣ್ಣ ವಿಚಾರವಲ್ಲ.

ಕಲಬುರಗಿಯಲ್ಲಿ ಒಂದು ಸಂಸಾರವುಂಟು. ಗೃಹಸ್ಥನು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನು. ಗೃಹಿಣಿಯು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಗೃಹಸ್ಥನ ತಾಯಿ ಮನೆಯಲ್ಲಿದ್ದಾಳೆ. ಎಂಟು ವರ್ಷದ ಮಗ, ಐದು ವರ್ಷದ ಮಗಳು. ಹೆಸರುಗಳನ್ನು ಹೇಳಿ ಪ್ರಯೋಜನವಿಲ್ಲ. ಇಂಥ ಮನೆಗಳು ಆ ಊರಿನಲ್ಲಿ ಬೀದಿಗೆ ಹತ್ತು ಸಿಗುವುವು. ಬೆಳಗಾದರೆ ನೀರು ಹಿಡಿಯುವ ಗಡಿಬಿಡಿ, ರೊಟ್ಟಿ ಬಡಿಯುವ ಸದ್ದು, ಕಾಣದೆ ಹೋದ ಒಂದು ಕಾಲುಚೀಲ, ಬಾಗಿಲಲ್ಲಿ ಶಾಲೆಯ ವ್ಯಾನಿನ ಕೂಗು. ಸಂಜೆಗೆ ಮನೆಪಾಠ. ಬೇಸಗೆಯಲ್ಲಿ ಬಿಸಿಲು 42 ಡಿಗ್ರಿಯನ್ನು ದಾಟುವ ಊರು ಅದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವುವು. ಆ ದಿನಗಳಲ್ಲಿ ತಂದೆಯು ಮಕ್ಕಳಿಗೆ ಹಗಲಿನಲ್ಲಿಯೇ ಸಿಕ್ಕುವನು. ಆದರೆ ಹೊರಗೆ ಕಾಲಿಡುವಂತಿಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಕತ್ತಲೆ ಮಾಡಿ, ಒಳಗೆ ಕೂತು ಮಗ್ಗಿ ಒಪ್ಪಿಸುವುದು.

ಗೃಹಸ್ಥನು ಕೆಟ್ಟವನಲ್ಲ. ತಾನು ಓದದೆ ಉಳಿದದ್ದನ್ನು ಮಗನು ಓದಲೆಂಬುದು ಅವನ ಹಂಬಲ. ಹಂಬಲವು ಅವನಲ್ಲಿ ಅವಸರವಾಗಿ, ಅವಸರವು ಸಿಟ್ಟಾಗಿ ಹೊರಡುತ್ತಿತ್ತು. ತಪ್ಪು ಉತ್ತರಕ್ಕೆ ಹೊಡೆತವಿರಲಿಲ್ಲ. ಒಂದು ನಿಟ್ಟುಸಿರು, ಒಂದು ಗದರಿಕೆ. ಮಗನು ಇದನ್ನು ಬಲುಬೇಗ ಅರಿತುಕೊಂಡನು. ಮೂರು ವರ್ಷದವನಾಗಿದ್ದಾಗ ದಿನಕ್ಕೆ ನೂರು ಪ್ರಶ್ನೆ ಕೇಳಿ ಅಜ್ಜಿಯನ್ನು ದಣಿಸಿದ ಹುಡುಗನು ಎಂಟನೆಯ ವರ್ಷಕ್ಕೆ ಹೂಂ, ಉಹೂಂ ಎಂಬೆರಡು ಮಾತುಗಳಿಂದ ದಿನ ಕಳೆಯಬಲ್ಲವನಾದನು. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡುವನು. ತಾನಾಗಿ ಏನನ್ನೂ ಕೇಳನು. ತರಗತಿಯ ಉಪಾಧ್ಯಾಯರು, ಹುಡುಗನ ಅಂಕಗಳು ಚೆನ್ನಾಗಿವೆ, ಆದರೆ ಅವನ ದನಿ ಹೇಗಿದೆಯೆಂದೇ ತಮಗೆ ತಿಳಿಯದು ಎಂದು ತಾಯಿಗೆ ಹೇಳಿ ಕಳುಹಿಸಿದರು. ಗೃಹಿಣಿಯು ಆ ರಾತ್ರಿ ನಿದ್ದೆ ಮಾಡಲಿಲ್ಲ. ದಿನವೂ ನಲವತ್ತು ಮಕ್ಕಳನ್ನು ನೋಡುವವಳಿಗೆ ಇಂಥ ಮೌನದ ಬೆಲೆ ಗೊತ್ತಿತ್ತು.

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದು ಅವಳೇ ಹಟ ಹಿಡಿದಳು. ಕಲಬುರಗಿಯಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಶರಣಬಸವೇಶ್ವರರ ಗುಡಿ, ಅದರ ಬಳಿಯ ಅಪ್ಪನ ಕೆರೆ. ಹಿಂದೂ ಮುಸಲ್ಮಾನರೆನ್ನದೆ ಜನರು ನಡೆದುಕೊಳ್ಳುವ ಬಂದೇನವಾಜರ ದರ್ಗಾ. 2009ರಲ್ಲಿ ಉದ್ಘಾಟನೆಯಾದ ಬುದ್ಧವಿಹಾರ. ಮಕ್ಕಳು ಕೈಯಿಂದ ಮುಟ್ಟಿ ನೋಡಬಹುದಾದ ಯಂತ್ರಗಳಿರುವ ವಿಜ್ಞಾನಕೇಂದ್ರ. ಮೊದಲನೆಯ ಭಾನುವಾರ ಅವರು ಕೋಟೆಗೆ ಹೋದರು.

ಅಲ್ಲಿಯ ಜಾಮೀ ಮಸೀದಿಯು 1367ರಲ್ಲಿ, ಬಹಮನಿ ಅರಸರ ಕಾಲದಲ್ಲಿ ಕಟ್ಟಿದ್ದು. ಪೂರ್ವಪಶ್ಚಿಮವಾಗಿ 216 ಅಡಿ, ದಕ್ಷಿಣೋತ್ತರವಾಗಿ 176 ಅಡಿ. ಇತರ ಮಸೀದಿಗಳಲ್ಲಿರುವಂತೆ ನಡುವೆ ಬಯಲು ಅಂಗಳವಿಲ್ಲದೆ, ಇಡಿಯ ಕಟ್ಟಡಕ್ಕೆ ಗುಮ್ಮಟಗಳ ಮಾಡು ಹೊದಿಸಿರುವುದು ಅದರ ವಿಶೇಷ. ಬೆಳಕು ಮೇಲಿನಿಂದ ಇಳಿಯದೆ, ಪಕ್ಕದ ಅಗಲವಾದ ಕಮಾನುಗಳಿಂದ ನೆಲದ ಮೇಲೆ ಹರಿದು ಬರುವುದು. ಗೃಹಸ್ಥನು ಇದನ್ನೆಲ್ಲ ಮುಂಚಿತವಾಗಿ ಓದಿಕೊಂಡು ಬಂದಿದ್ದನು. ಬಾಗಿಲಲ್ಲಿಯೇ ಆರಂಭವಾಯಿತು: ಯಾರು ಕಟ್ಟಿಸಿದರು, ಯಾವ ಇಸವಿ, ಬಹಮನಿ ರಾಜ್ಯವು ಸ್ಥಾಪನೆಯಾದದ್ದು ಎಂದು? ಮಗನು ಕೈಕಟ್ಟಿ ನಿಂತು 1347 ಎಂದು ಸರಿಯಾಗಿ ಹೇಳಿದನು. ಹೇಳುವಾಗ ತಂದೆಯ ಮುಖವನ್ನು ನೋಡುತ್ತಿದ್ದನು, ಕಮಾನುಗಳನ್ನಲ್ಲ. ಮಗಳು ಮಾತ್ರ ಪರೀಕ್ಷೆಗೆ ಸಿಕ್ಕದ ವಯಸ್ಸಿನವಳಾದ್ದರಿಂದ ಬೆಳಕಿನ ಪಟ್ಟೆಗಳ ಮೇಲೆ ಕುಂಟುತ್ತ ಕಂಬದಿಂದ ಕಂಬಕ್ಕೆ ಓಡಿದಳು. ಮಗನ ಕಣ್ಣು ಒಂದೆರಡು ಸಲ ತಂಗಿಯ ಕಡೆಗೆ ಹೊರಳಿತು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತು. ಮನೆಗೆ ಮರಳುವಾಗ ಗೃಹಸ್ಥನು ತೃಪ್ತನಾಗಿದ್ದನು. ಗೃಹಿಣಿಯು ಏನನ್ನೂ ಹೇಳಲಿಲ್ಲ.

ಹೀಗೆ ಮೂರು ನಾಲ್ಕು ಭಾನುವಾರಗಳು ಕಳೆದವು. ಸ್ಥಳವು ಬದಲಾಗುತ್ತಿತ್ತು, ಪಾಠವು ಬದಲಾಗಲಿಲ್ಲ. ಮನೆಯ ಮೇಜನ್ನು ಹೊತ್ತು ಊರೆಲ್ಲ ತಿರುಗಿದಂತೆ ಆಯಿತೆಂದು ಅಜ್ಜಿಯು ಒಮ್ಮೆ ನಕ್ಕಳು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂದಿತು. ಮಾರ್ಗಶಿರದ ಈ ಅಮಾವಾಸ್ಯೆಯಲ್ಲಿ ಕಲಬುರಗಿಯ ಸೀಮೆಯ ಮನೆಗಳು ಬೀಗ ಹಾಕಿಕೊಂಡು ಹೊಲ ಸೇರುವುವು. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ನೆಂಟರ ಹೊಲಕ್ಕೆ. ದಾರಿಯಲ್ಲಿ ಹೋಗುವವನನ್ನು ಕೂಡ ಕರೆದು ಎಡೆಯಿಡುವುದು ಆ ದಿನದ ಮರ್ಯಾದೆ. ಈ ಸಂಸಾರಕ್ಕೆ ಕಮಲಾಪುರದ ಬಳಿಯಲ್ಲಿ ಹಿರಿಯರ ಕಾಲದ ಎರಡು ಎಕರೆ ಎರೆಹೊಲವುಂಟು. ಅದನ್ನು ಪಾಲಿಗೆ ಕೊಟ್ಟಿದ್ದಾರೆ. ಕಮಲಾಪುರವು ಕಲಬುರಗಿಯಿಂದ ಹುಮನಾಬಾದದ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಈಗ ತಾಲ್ಲೂಕಿನ ಮುಖ್ಯಸ್ಥಳ. 2017ರಲ್ಲಿ ತೆರೆದ ಬೀದರದ ರೈಲುಮಾರ್ಗವೂ ಆ ಕಡೆಯೇ ಹೋಗುವುದು. ಆದರೆ ಬುಟ್ಟಿ ಹೊತ್ತವರಿಗೆ ಹೊಲದ ಬದಿಯಲ್ಲಿ ಇಳಿಸುವ ಬಸ್ಸೇ ಅನುಕೂಲ.

ಬುಟ್ಟಿಯಲ್ಲಿದ್ದ ಪದಾರ್ಥಗಳನ್ನು ಹೇಳದೆ ಹೋದರೆ ಅಜ್ಜಿಗೆ ಅನ್ಯಾಯವಾಗುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಗಡಿಗೆಯಲ್ಲಿ ಅಂಬಲಿ. ಎಲ್ಲಕ್ಕಿಂತ ಮಿಗಿಲಾಗಿ ಭಜ್ಜಿ. ಬೇರೆ ಸೀಮೆಯವರು ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದೆಂದು ತಿಳಿದಾರು, ಇದು ಹಾಗಲ್ಲ. ಆ ಕಾಲದಲ್ಲಿ ಹೊಲ ಕೊಡುವ ಹಸಿ ತೊಗರಿ, ಅವರೆ, ಕಡಲೆಯ ಎಲೆ, ಮೆಂತ್ಯ, ಹುಣಿಸೆಯ ಕಾಯಿ, ಹೀಗೆ ಕೈಗೆ ಸಿಕ್ಕಿದ ಕಾಯಿಪಲ್ಲೆಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ ಕಡೆದದ್ದು. ಇಡಿಯ ಹೊಲವನ್ನು ಒಂದು ತುತ್ತಿನಲ್ಲಿ ತಿಂದಂತೆ.

ಬದುವಿನ ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಕುಂಕುಮ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದರು. ಬಳಿಕ ಚರಗ ಚೆಲ್ಲುವುದು. ಗೃಹಸ್ಥನು ಬೂಟುಗಳನ್ನು ಕಳಚಿ, ಧೋತರವನ್ನು ಮೇಲೆ ಕಟ್ಟಿ, ಪಾಲಿನ ರೈತನ ಹಿಂದೆ ಬೆಳೆಯ ಅಂಚಿನಲ್ಲಿ ನಡೆದನು. ಮುಂದಿನವನು ಅನ್ನ ಎರಚುತ್ತ ಕೂಗಿದನು. ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಟ್ಟನು. ಮಕ್ಕಳು ಬೆರಗಾಗಿ ನೋಡಿದರು. ಅಪ್ಪನಿಗೆ ಇಷ್ಟು ದೊಡ್ಡ ಗಂಟಲಿರುವುದು ಅವರಿಗೆ ಗೊತ್ತಿತ್ತು. ಅದು ಸಂತೋಷಕ್ಕೂ ಬರುವುದೆಂದು ಗೊತ್ತಿರಲಿಲ್ಲ. "ಅಪ್ಪ ಇಲ್ಲಿ ಸಿಟ್ಟಿಗಿ ಬರಂಗಿಲ್ಲೇನು?" ಎಂದು ಮಗಳು ಅಜ್ಜಿಯನ್ನು ಕೇಳಿದಳು. ಮೆಲ್ಲಗೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಮಾತು ಬದುವಿನವರೆಗೂ ಹೋಯಿತು. ಗೃಹಸ್ಥನು ಕೇಳಿಸದವನಂತೆ ತಂಬಿಗೆಯನ್ನು ಕೆಳಗಿಟ್ಟನು.

ಊಟವಾದ ಮೇಲೆ ಮಕ್ಕಳು ಕಡಲೆಯ ಗಿಡಗಳ ನಡುವೆ ಕಾಯಿ ಬಿಡಿಸುತ್ತಿದ್ದರು. ಬೆರಳು ಬಾಯಿಗೆ ಹೋಯಿತು, ಮಗಳು ಮುಖ ಹುಳ್ಳಗೆ ಮಾಡಿ, "ಇದಕ್ಕ ಉಪ್ಪು ಹುಳಿ ಯಾರ್ ಹಚ್ಚ್ಯಾರ?" ಎಂದಳು. ಎಲ್ಲರೂ ನಕ್ಕರು. ನಗೆ ಇಳಿದ ಮೇಲೆ ಮಗನು, ಯಾರೂ ಕೇಳದೆಯೇ, ತಂದೆಯ ಕಡೆ ತಿರುಗಿ ಹೇಳಿದನು:

"ಅಪ್ಪಾ, ಈ ಹುಳಿ ಮ್ಯಾಲಿಂದ ಬಿದ್ದದ್ದೋ, ಗಿಡದ ಒಳಗಿಂದ ಬಂದದ್ದೋ?"

ಗೃಹಸ್ಥನ ಬಾಯಿಗೆ ಉತ್ತರವು ಬರಲಿಲ್ಲ. ಅದನ್ನು ಅವನು ಓದಿಕೊಂಡು ಬಂದಿರಲಿಲ್ಲ. ಸುಮ್ಮನೆ ಕೂರಿಸಲು ಒಂದು ಮಾತು ಸಾಕಾಗಿತ್ತು. ಅದು ನಾಲಗೆಯ ತುದಿಗೂ ಬಂದಿತ್ತೇನೋ. ಗೃಹಿಣಿಯು ಉಸಿರು ಹಿಡಿದು ನೋಡಿದಳು. ಅವನು ಮಗನ ಪಕ್ಕದಲ್ಲಿ ಕುಕ್ಕರಿಸಿ, "ನನಗ ಗೊತ್ತಿಲ್ಲಪಾ. ನೋಡಮ್ ಬಾ," ಎಂದನು.

ರೈತನ ತಾಯಿಯನ್ನು ಕೇಳಿದರು. ಅವಳು, ಇಬ್ಬನಿ ಬಿದ್ದರೆ ಹುಳಿ ಕೂಡುವುದು, ರಾತ್ರಿ ಗಿಡಗಳ ಮೇಲೆ ಬಿಳಿಯ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿಕೊಂಡರೆ ಹೊಟ್ಟೆನೋವಿಗೆ ಔಷಧ ಎಂದಳು. ಹಾಗಾದರೆ ಮೇಲಿಂದಲೇ ಬಿದ್ದದ್ದು ಎಂದು ತಂದೆ. ಪಕ್ಕದ ಜೋಳದ ಎಲೆ ಹುಳಿಯಿಲ್ಲವಲ್ಲ ಎಂದು ಮಗ. ಅವನು ಜೋಳದ ಗರಿಯನ್ನು ನೆಕ್ಕಿ ನೋಡಿಯೇ ಹೇಳಿದ್ದನು. ಆಮೇಲೆ ಕಡಲೆಯ ಎರಡು ಎಲೆಗಳನ್ನು ಕಿತ್ತು, ಒಂದನ್ನು ತಂಬಿಗೆಯ ನೀರಿನಲ್ಲಿ ಚೆನ್ನಾಗಿ ತೊಳೆದು, ಎರಡನ್ನೂ ರುಚಿ ನೋಡಿದರು. ತೊಳೆದದ್ದರ ಹುಳಿ ಬಹಳ ಕಡಿಮೆಯಾಗಿತ್ತು. ಹುಳಿ ಎಲೆಯ ಹೊರಮೈಯಲ್ಲಿದೆ. ಆದರೆ ಬೇರೆ ಗಿಡದ ಮೇಲೆ ಇಲ್ಲ. ಇಷ್ಟು ಸಿದ್ಧಾಂತವಾಗುವಾಗ ಬಿಸಿಲು ಇಳಿದಿತ್ತು. ತಂದೆ ಮಕ್ಕಳ ತುಟಿಗಳು ಹುಳಿಯಿಂದ ಸುರುಟಿದ್ದುವು.

ಶಾಸ್ತ್ರವು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಕಡಲೆಯ ಗಿಡದ ಮೈಮೇಲೆಲ್ಲ ಇರುವ ನವಿರಾದ ರೋಮಗಳು ಒಳಗಿನಿಂದ ಆಮ್ಲವನ್ನು ಒಸರುವುವು. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಅದರಲ್ಲಿ ಮುಖ್ಯವಾದವು. ಕಾಯಿಕೊರಕ ಹುಳುವಿನ ಮರಿಗಳು ಚೆನ್ನಾಗಿ ಬೆಳೆಯದಂತೆ ಅದು ಸ್ವಲ್ಪಮಟ್ಟಿಗೆ ತಡೆಯುವುದು. ಇಬ್ಬನಿಯು ಆ ಹುಳಿಯನ್ನು ಕರಗಿಸಿ ಬಟ್ಟೆಗೆ ಕೊಡುವುದು. ಎಂದ ಮೇಲೆ ಮುದುಕಿಯ ಮಾತೂ ಸುಳ್ಳಲ್ಲ, ಹುಡುಗನ ಸಂದೇಹವೂ ವ್ಯರ್ಥವಲ್ಲ. ಇದನ್ನು ಗೃಹಸ್ಥನು ಮಾರನೆಯ ವಾರ ತಿಳಿದುಕೊಂಡು ಬಂದು ಮಗನಿಗೆ ಹೇಳಿದನು; ಹೇಳಿ, ತಿರುಗಿ ಒಪ್ಪಿಸೆಂದು ಕೇಳಲಿಲ್ಲ.

ಹಿಂದಿರುಗುವಾಗ ಕಮಲಾಪುರದಲ್ಲಿ ಕೆಂಪು ಬಾಳೆಯ ಹಣ್ಣು ಕೊಂಡರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಹಣ್ಣು ಆ ಸುತ್ತಿನ ಕಣಿವೆಯ ನೆಲದ ಬೆಳೆ; ಗೊನೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು, ಆದ್ದರಿಂದ ಬೆಲೆಯೂ ಹೆಚ್ಚು. ಬಣ್ಣ ಹಚ್ಚಿದ್ದೇ ಎಂದು ಮಗಳು ಸೆರಗಿನಿಂದ ಒರಸಿ ನೋಡಿದಳು. ಬೇರೆ ಬಾಳೆಗಿಂತ ಇದಕ್ಕೇಕೆ ಇಷ್ಟು ತಡವೆಂದು ಮಗನು ಕೇಳಿದನು. ಅದಕ್ಕೂ ಉತ್ತರ ತಿಳಿದಿರಲಿಲ್ಲ.

ಒಂದು ದಿನದ ಹೊಲದಿಂದ ಹುಡುಗನು ವಾಚಾಳಿಯಾದನೆಂದು ಬರೆದರೆ ವಾಚಕರು ನಂಬಲಾರರು, ನಂಬಬೇಕಾಗಿಯೂ ಇಲ್ಲ. ಶಾಲೆಯಲ್ಲಿ ಅವನು ಇನ್ನೂ ಮಿತಭಾಷಿಯೇ. ಗೃಹಸ್ಥನ ಸಿಟ್ಟು ಕೂಡ ಮನೆ ಬಿಟ್ಟು ಹೋಗಿಲ್ಲ. ಕಾಲುಚೀಲವು ಕಾಣದ ದಿನ ಈಗಲೂ ಕೇಳಿಸುವುದು. ಆದರೆ ಭಾನುವಾರದ ಸಂಜೆ ಅಪ್ಪನ ಕೆರೆಯ ದಂಡೆಯಲ್ಲಿ ಇಸವಿಗಳನ್ನು ಕೇಳುವುದು ನಿಂತಿದೆ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಒಂದು ಪ್ರಶ್ನೆ ಬರುವುದುಂಟು. ತಿಳಿದಿದ್ದರೆ ಉತ್ತರ, ತಿಳಿಯದಿದ್ದರೆ ಅದೇ ಹೊಲದ ಮಾತು.

ಮಕ್ಕಳನ್ನು ವಿಹಾರಕ್ಕೆ ಕರೆದೊಯ್ಯುವ ತಂದೆತಾಯಿಗಳು ಪ್ರಾಚೀನರ ವಿಧಿಯನ್ನು ಒಮ್ಮೆ ನೆನೆದರೆ ಒಳ್ಳೆಯದು. ಅನಧ್ಯಯನವು ಶಿಷ್ಯನಿಗೆ ಮಾತ್ರ ವಿಹಿತವಾದದ್ದಲ್ಲ. ಆ ದಿನ ಗುರುವೂ ಪಾಠ ಹೇಳಕೂಡದು. ಅಮಾವಾಸ್ಯೆಯು ಅಂಥ ದಿನಗಳಲ್ಲೊಂದು. ಮುಂದಿನ ಎಳ್ಳಮಾವಾಸ್ಯೆಗೆ ಹಿಂದಿನ ದಿನವೇ ಹೊಲಕ್ಕೆ ಹೋಗಿ, ರಾತ್ರಿ ಕಡಲೆಯ ಮೇಲೆ ಬಟ್ಟೆ ಹಾಸಬೇಕೆಂದು ಆ ಹುಡುಗನು ಗೊತ್ತುಮಾಡಿದ್ದಾನೆ. ಅದಕ್ಕಾಗಿ ಅವನ ತಂದೆಯು ಕಚೇರಿಯಲ್ಲಿ ಒಂದು ದಿನದ ರಜೆಯನ್ನು ಬೇಡಬೇಕಾಗಿದೆ.