ರಾಗಿ ಉಂಡೆಗೆ ಬರುತ್ತಿದ್ದ ಕಾವೇರಿಯ ದೊಡ್ಡ ಮೀನು

ಸೋದರಿಯರೇ, ಮೀನು ಹಿಡಿಯುವ ಸುದ್ದಿ ನಮಗೇಕೆ ಎಂದು ಮೂಗು ಮುರಿಯಬೇಡಿ. ಮೀನು ತಿನ್ನದ ಮನೆಯವರೂ ಧಾರಾಳವಾಗಿ ಓದಬಹುದು. ಏಕೆಂದರೆ ನಾನು ಹೇಳಹೊರಟಿರುವುದು ಬಾಣಲೆಗೆ ಬೀಳದ ಮೀನಿನ ಸಂಗತಿ. ಗಾಳ ಹಾಕಿ, ಬೆವರು ಸುರಿಸಿ ಸೆಣಸಿ, ದಡಕ್ಕೆ ತಂದು, ತೂಕ ನೋಡಿ, ಮತ್ತೆ ನೀರಿಗೇ ಬಿಟ್ಟುಬಿಡುತ್ತಿದ್ದ ಮೀನು! ಅದರ ಗಾಳಕ್ಕೆ ಸಿಕ್ಕಿಸುತ್ತಿದ್ದುದಾದರೂ ಏನು ಅಂತೀರಿ? ನಮ್ಮ ನಿಮ್ಮ ಮನೆಯ ರಾಗಿ ಹಿಟ್ಟು!

ಆ ಜಾಗದ ಹೆಸರು ಭೀಮೇಶ್ವರಿ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರಿನ ಮೇಲೆ ಹೋದರೆ ಸುಮಾರು 100 ಕಿಲೋಮೀಟರು. ಹಲಗೂರು ದಾಟಿದ ಮೇಲೆ ಊರುಗಳು ಕಡಿಮೆಯಾಗಿ, ಕುರುಚಲು ಕಾಡು ಶುರುವಾಗಿ, ರಸ್ತೆ ತಿರುಗಿ ತಿರುಗಿ ಇಳಿಯುತ್ತಾ ಕಾವೇರಿಯ ದಡ ಸೇರುತ್ತದೆ. ಶಿವನಸಮುದ್ರದಲ್ಲಿ ಧುಮುಕಿ ಬಂದ ಕಾವೇರಮ್ಮ ಇಲ್ಲಿ ಬಂಡೆಗಳ ನಡುವೆ ಒಮ್ಮೆ ಭೋರ್ಗರೆದು, ಒಮ್ಮೆ ಆಳವಾದ ಮಡುವಾಗಿ ಸುಮ್ಮನೆ ನಿಂತು, ಮುಂದೆ ಸಂಗಮ, ಮೇಕೆದಾಟಿನ ಕಡೆಗೆ ಹೋಗುತ್ತಾಳೆ. ದಡದ ಉದ್ದಕ್ಕೂ ಹೊಳೆಮತ್ತಿ ಮರಗಳ ತಂಪು. ಕತ್ತೆತ್ತಿ ನೋಡಿದರೆ ಬೂದು ಬಣ್ಣದ ದೊಡ್ಡ ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ನೋಡಬಹುದು.

ದಾರಿಯಲ್ಲೇ ಮುತ್ತತ್ತಿ. ಸೀತಮ್ಮನ ಮುತ್ತಿನ ಒಡವೆ ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ಮಡುವನ್ನು ಕದಡಿ ಎತ್ತಿಕೊಟ್ಟನಂತೆ. ಅದಕ್ಕೇ ಆತ ಮುತ್ತೆತ್ತಿರಾಯ. ಡಾ. ರಾಜ್‌ಕುಮಾರ್ ಅವರಿಗೆ ತಂದೆತಾಯಿ ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದೇ.

ಇನ್ನು ಮೀನಿನ ವಿಷಯ. ಮಹಶೀರ್ ಎಂದು ಪುಸ್ತಕದ ಹೆಸರು. ನಮ್ಮವರ ಬಾಯಲ್ಲಿ ಬಿಳಿಮೀನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು, ರಾಮನಾಥಪುರದಲ್ಲಿ ಕಾವೇರಿಯ ದಡದಲ್ಲಿ ನಿಂತು, ಪುರಿ ಹಾಕಿ ಕೈ ಮುಗಿಯುತ್ತೇವಲ್ಲ, ಆ ದೇವರ ಮೀನುಗಳ ಬಳಗವೇ ಇದು. ಆದರೆ ಭೀಮೇಶ್ವರಿಯ ಮಡುಗಳಲ್ಲಿದ್ದದ್ದು ಅದರಲ್ಲೂ ದೊಡ್ಡಣ್ಣ: ತಲೆಯ ಹಿಂದೆ ಎದ್ದು ಕಾಣುವ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ಅಂಗೈಯಗಲದ ಹುರುಪೆ. ಬಾಯಲ್ಲಿ ಹಲ್ಲೇ ಇಲ್ಲ, ಹಲ್ಲಿರುವುದು ಗಂಟಲಲ್ಲಿ! ಏಡಿ, ಬಸವನಹುಳುಗಳನ್ನು ಅಲ್ಲೇ ನುಚ್ಚುನೂರು ಮಾಡುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡು ತೂಗಿತಂತೆ. ಅಂದರೆ ಸುಮಾರು 54 ಕಿಲೋ. ನಮ್ಮಲ್ಲಿ ಎಷ್ಟೋ ಹೆಂಗಸರು ಅಷ್ಟು ತೂಗುವುದಿಲ್ಲ!

ಬ್ರಿಟಿಷರ ಕಾಲದಲ್ಲಿ ಈ ಮೀನಿನ ಹುಚ್ಚು ಬಹಳ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬುವರು ಭಾರತದ ನದಿಗಳಲ್ಲಿ ಗಾಳ ಹಾಕುವುದರ ಬಗ್ಗೆ 1873ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಆ ಹುಚ್ಚು ಇಳಿಯಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ಆ ದೊಡ್ಡ ಮೀನು ಇನ್ನೂ ಇದೆ ಎಂದು ಲೋಕಕ್ಕೆ ತಿಳಿಸಿದರು. ಆಮೇಲೆ ದೊಡ್ಡಮಕ್ಕಳಿ, ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳಾದವು. ದೇಶವಿದೇಶದವರು ಗಾಳದ ಕೋಲು ಹಿಡಿದು ಬರತೊಡಗಿದರು.

ನಾವು ಹೋದಾಗ ಹರಿಗೋಲು ನಡೆಸಿದ ಹಿರಿಯರು ಹಿಂದೆ ಆ ಸಾಹೇಬರುಗಳಿಗೆ ಜೊತೆಗಾರರಾಗಿದ್ದವರು. ರಾಗಿಯ ಗುಟ್ಟು ಕೇಳಿದೆ. ಹಿಟ್ಟು ಕಲಸಿ, ಉಂಡೆ ಕಟ್ಟಿ, ನೀರಲ್ಲಿ ಬೇಯಿಸಿ, ಮತ್ತೆ ಚೆನ್ನಾಗಿ ನಾದಬೇಕು. ಸೋಂಪು, ಮಸಾಲೆ ಬೆರೆಸುವವರೂ ಇದ್ದರಂತೆ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಗಾಳದ ಕೊಕ್ಕೆಗೆ ಮೆತ್ತಿ ಎಸೆಯುವುದು. “ನೀವು ಮುದ್ದೆ ತೊಳಸ್ತೀರಲ್ಲಮ್ಮಾ, ಹಂಗೇಯಾ. ಗಂಟಿದ್ರೆ ಮೀನೂ ಒಪ್ಪಾಕಿಲ್ಲ, ನೀರಲ್ಲೇ ಉದುರೋಯ್ತದೆ” ಎಂದು ನಕ್ಕರು. ಹಕ್ಕಿ ಪುಕ್ಕಕ್ಕೆ ದಾರ ಸುತ್ತಿ ಹುಳುವಿನಂತೆ ಮಾಡಿದ ಗಾಳವನ್ನು ನೀರ ಮೇಲೆ ಹಗುರವಾಗಿ ಎಸೆಯುವವರೂ ಬರುತ್ತಿದ್ದರಂತೆ. ಆದರೆ ದೊಡ್ಡ ಮೀನು ಒಲಿಯುತ್ತಿದ್ದುದು ಹೆಚ್ಚಾಗಿ ರಾಗಿಗೇ. ಬೆರಳಿಗೆ ದಾರ ತಾಗಿಸಿಕೊಂಡು ಬಂಡೆಯ ಮೇಲೆ ತಪಸ್ಸಿನಂತೆ ಕೂರಬೇಕು. ಕಚ್ಚಿತೋ, ದಾರದ ಉರುಳೆ ಕಿರ್ರೆಂದು ಕಿರುಚುತ್ತಿತ್ತು. ಕೆಲವೊಮ್ಮೆ ಹರಿಗೋಲು ಹತ್ತಿ ಮೀನಿನ ಹಿಂದೆಯೇ ಹೋಗಬೇಕಾಗುತ್ತಿತ್ತು.

ಹಿಡಿದು ಬಿಡುವುದಾದರೆ ಹಿಡಿಯುವುದೇಕೆ? ನನಗೂ ಇದೇ ಪ್ರಶ್ನೆ ಬಂತು. ಮೀನಿಗೆ ನೋವಾಗುವುದಿಲ್ಲವೇ? ಆದರೆ ಇನ್ನೊಂದು ಮುಖವೂ ಇದೆ. ಬಂಡೆ ಒಡೆಯುವ ಸಿಡಿಮದ್ದನ್ನು ನೀರಿಗೆಸೆದು, ದೊಡ್ಡದು ಚಿಕ್ಕದು ಮರಿ ಎನ್ನದೆ ಕೊಲ್ಲುವವರ ಕಾಟ ಈ ಹೊಳೆಗೆ ಬಹಳವಿತ್ತು. ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೇ ಶಿಬಿರಗಳಲ್ಲಿ ಕಾವಲಿನ, ಜೊತೆಗಾರಿಕೆಯ ಕೆಲಸ ಸಿಕ್ಕಿತು. ಜೀವಂತ ಮೀನಿನಿಂದ ಮನೆಯ ಒಲೆ ಉರಿಯುತ್ತದೆ ಎಂದಾಗ ಸತ್ತ ಮೀನು ಯಾರಿಗೆ ಬೇಕು ಹೇಳಿ?

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಗಾಳಿಬೋರೆಯಲ್ಲಿ ಪ್ರತಿದಿನ ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಬಂತು, ತೂಕವೆಷ್ಟು ಎಂದು ಬರೆದಿಡುತ್ತಿದ್ದರು. ನಾವು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದಿಲ್ಲವೇ, ಹಾಗೆ. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೂತು ನೋಡಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರ ಅದರಲ್ಲಿತ್ತು. ವರ್ಷ ವರ್ಷಕ್ಕೂ ಸಿಗುವ ಮೀನು ಹೆಚ್ಚಾಗಿತ್ತು, ಆದರೆ ಸರಾಸರಿ ತೂಕ ಇಳಿದಿತ್ತು. ಇನ್ನೂ ವಿವರವಾಗಿ ನೋಡಿದಾಗ, ಹೆಚ್ಚಾಗಿದ್ದದ್ದು ನೀಲಿ ರೆಕ್ಕೆಯ ಬೇರೊಂದು ಮಹಶೀರ್. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ನಮ್ಮ ಮೀನು ಕಾಣುವುದೇ ಅಪರೂಪವಾಗಿತ್ತು!

ನೀಲಿ ರೆಕ್ಕೆಯದು ಕಾವೇರಿಯದಲ್ಲ. ನದಿಯಲ್ಲಿ ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ತಂದು ಬಿಟ್ಟಿದ್ದರು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಇವೂ ಸೇರಿಕೊಂಡವು. ಡಬ್ಬದ ತುಂಬ ಅಕ್ಕಿ ಇದೆ ಎಂದು ನೆಮ್ಮದಿಯಾಗಿದ್ದು, ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಬೇರೆ ಅಕ್ಕಿ ಎಂದ ಹಾಗಾಯಿತು.

ಇನ್ನೊಂದು ಸೋಜಿಗ ಕೇಳಿ. ಲೋಕವೆಲ್ಲ ಹೊಗಳಿದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಗೊತ್ತಾಗಿರಲಿಲ್ಲ. ಕಾವೇರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ 2007ರಲ್ಲಿ ಟಾರ್ ರೆಮಾದೇವಿಯೈ ಎಂದು ಹೆಸರಿಟ್ಟಿದ್ದರು. ನಮ್ಮ ಗೂನುಬೆನ್ನಿನ ಮೀನೂ ಅದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಜಾತಕದಲ್ಲಿ ಗಂಡಾಂತರ! ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆಯಲ್ಲಿ ಅದರ ಸಂತತಿ ಉಳಿದಿರುವುದೇ ಸಮಾಧಾನ.

ಈ ಪ್ರದೇಶ 1987ರಿಂದ ಕಾವೇರಿ ವನ್ಯಧಾಮ. ವನ್ಯಜೀವಿ ಕಾಯಿದೆಯ ಪ್ರಕಾರ ಅಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯ ಲೆಕ್ಕವೇ. ಹೀಗಾಗಿ 2012ರ ಹೊತ್ತಿಗೆ ಗಾಳದ ಆಟ ನಿಂತುಹೋಯಿತು. ಕಾಯಿದೆ ಬೇಕು, ಸರಿ. ಆದರೆ ಗಾಳದ ಜೊತೆಗೆ ಆ ಲೆಕ್ಕದ ಪುಸ್ತಕವೂ ಮುಚ್ಚಿತಲ್ಲ, ಅದು ನನ್ನ ಮನಸ್ಸಿಗೆ ಕಸಿವಿಸಿ. ಲೆಕ್ಕ ಇಡುವವರಿಲ್ಲದ ಮನೆಯಲ್ಲಿ ಏನು ಕಳೆದುಹೋಯಿತು ಎಂದೇ ತಿಳಿಯುವುದಿಲ್ಲ. ಹಿಡಿಯದೆಯೂ ಎಣಿಸುವ ದಾರಿಯನ್ನು ತಿಳಿದವರು ಹುಡುಕಬೇಕು.

ನೀವು ಹೋಗುವುದಾದರೆ ನಾಲ್ಕು ಮಾತು. ಮಳೆಗಾಲ ಕಳೆದ ಮೇಲೆ ಹೋಗಿ. ಶಿಬಿರದಲ್ಲಿ ತಂಗುವುದಿದ್ದರೆ ಮೊದಲೇ ಕಾದಿರಿಸಿ. ಮುತ್ತತ್ತಿಯಲ್ಲಾಗಲಿ ಮೇಕೆದಾಟಿನಲ್ಲಾಗಲಿ ಮಕ್ಕಳನ್ನು ನೀರಿಗಿಳಿಸಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸುಳಿಯಿದೆ, ಮೊಸಳೆಯೂ ಇದೆ. ಬುತ್ತಿ ಕಟ್ಟಿಕೊಂಡು ಹೋದರೆ ಪ್ಲಾಸ್ಟಿಕ್ ಚೀಲವನ್ನು ವಾಪಸು ತನ್ನಿ. ಸೋಪು, ಶಾಂಪೂ ಹೊಳೆಗೆ ಬೇಡ. ಪುಣ್ಯ ಬರುತ್ತದೆಂದು ಅಂಗಡಿಯಿಂದ ತಂದ ಮೀನನ್ನು ಕೆರೆಗೆ, ಹೊಳೆಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡಿ, ಹೊರಗಿನ ಮೀನು ಏನು ಮಾಡೀತು ಎಂಬುದಕ್ಕೆ ಕಾವೇರಿಯೇ ಸಾಕ್ಷಿ.

ಹೋಗಲಾಗದಿದ್ದರೂ ಒಂದು ಕೆಲಸ ಮಾಡಬಹುದು. ನಿಮ್ಮೂರ ಕೆರೆ, ಹಳ್ಳಗಳಲ್ಲಿ ಹಿಂದೆ ಯಾವ ಯಾವ ಮೀನಿತ್ತು, ಅವನ್ನು ಏನೆಂದು ಕರೆಯುತ್ತಿದ್ದರು ಎಂದು ಮನೆಯ ಅಜ್ಜಿ ತಾತಂದಿರನ್ನು ಕೇಳಿ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಾದರೂ ಸರಿಯೇ, ಅವರು ಹೇಳಿದ ಹೆಸರುಗಳನ್ನು ಬರೆದಿಡಿ.