ಉಪ್ಪುಧೂಳಿನ ಕೆಳಗೆ

ಜುಲೈ 14, ಅಂಬೊಸೆಲಿ, ಕೆನ್ಯಾ

ನೈರೋಬಿ ಬಿಟ್ಟು ಇಲ್ಲಿಗೆ ತಲುಪುವ ಹೊತ್ತಿಗೆ ಮಧ್ಯಾಹ್ನ. ಕಿಲಿಮಂಜಾರೊ ಮೋಡದೊಳಗೆ. ಅದನ್ನು ನೋಡಲೆಂದೇ ಬಂದವನಿಗೆ ಸಿಕ್ಕಿದ್ದು ಧೂಳು. ಬತ್ತಿದ ಕೆರೆಯಂಗಳದಲ್ಲಿ ಬಿಸಿಲ್ಗುದುರೆ ಹೊಳೆಯುತ್ತಿತ್ತು, ಜೀಬ್ರಾಗಳು ಕಾಲಿಲ್ಲದೆ ತೇಲುತ್ತಿದ್ದವು. ಇಲ್ಲಿನ ದನಗಾಹಿ ಮಾಸಾಯಿಗಳ ಮಾತಿನಲ್ಲಿ ಈ ಊರಿನ ಹೆಸರಿಗೇ ಉಪ್ಪುಧೂಳು ಎಂಬ ಅರ್ಥವಂತೆ. ಸ್ನಾನವಾದ ಮೇಲೂ ಹಲ್ಲಿನಲ್ಲಿ ಕರಕರ.

ಜುಲೈ 15

ಬೆಳಗಿನ ಜಾವ ಬೆಟ್ಟ ಕಂಡಿತು! 5,895 ಮೀಟರ್ ಎತ್ತರ. ಇರುವುದು ಟಾಂಜಾನಿಯಾದಲ್ಲಿ, ಅಂದ ಸವಿಯುವವರು ಈ ಕಡೆಯವರು. ಅರ್ಧ ಗಂಟೆಯಲ್ಲಿ ಮತ್ತೆ ಮುಸುಕು.

ಆಮೇಲೆ ಎಂಕೊಂಗೊ ನರೋಕ್ ಜೌಗು. ಆನೆಗಳು ಹೊಟ್ಟೆಮಟ್ಟ ನೀರಿನಲ್ಲಿ ನಿಂತು ಹುಲ್ಲು ಕೀಳುತ್ತಿದ್ದವು. ದಡಕ್ಕೆ ಬಂದಾಗ ನೋಡಬೇಕು: ಕೆಳಗರ್ಧ ಕಪ್ಪು, ಮೇಲರ್ಧ ಧೂಳಿನ ಬೂದಿ, ನಡುವೆ ಗೆರೆ ಎಳೆದ ಹಾಗೆ. ಬೆನ್ನ ಮೇಲೆ ಬೆಳ್ಳಕ್ಕಿ. ಉದ್ದ ದಂತದ ಒಂದನ್ನು ಗಂಡೆಂದೇ ತಿಳಿದಿದ್ದೆ. ಮರಿ ಬಂದು ಮುಂಗಾಲುಗಳ ನಡುವೆ ಬಾಯಿ ಹಾಕಿದಾಗ ನಾಚಿಕೆಯಾಯಿತು. ಕಬಿನಿಯ ಹೆಣ್ಣಾನೆ ನೋಡಿ ಪಳಗಿದ ಕಣ್ಣು. ಇಲ್ಲಿ ಹೆಣ್ಣಿಗೂ ದಂತ. 1972ರಿಂದ ಆನೆ ಸಂಶೋಧಕಿ ಸಿಂಥಿಯಾ ಮಾಸ್ ಮತ್ತು ಸಂಗಡಿಗರು ಕಿವಿಯ ಹರಕು, ತೂತು ನೋಡಿಯೇ ಈ ಆನೆಗಳ ಸಂಸಾರಗಳನ್ನು ಗುರುತಿಟ್ಟಿದ್ದಾರೆ.

'ಈ ಜೌಗಿನದು ಹಿಮ ಕರಗಿ ಬಂದ ನೀರಲ್ಲವೇ?' ಎಂದೆ. ಗೈಡ್ ನಕ್ಕರು. ಹಿಮದ ಪಾಲು ಅಲ್ಪವಂತೆ. ಬೆಟ್ಟದ ಇಳಿಜಾರಿನ ಕಾಡಿಗೆ ಬಿದ್ದ ಮಳೆ ಜ್ವಾಲಾಮುಖಿ ಕಲ್ಲಿನ ಸಂದುಗಳಲ್ಲಿ ಇಳಿದು, ನೆಲದಡಿ ಹರಿದು, ಇಲ್ಲಿ ಬುಗ್ಗೆಯಾಗಿ ಏಳುತ್ತದೆ. 392 ಚದರ ಕಿಲೋಮೀಟರಿನ ಈ ಉದ್ಯಾನ ಬೇಸಿಗೆಯಲ್ಲಿ ಉಸಿರಾಡುವುದು ಇದರಿಂದಲೇ. ಕ್ಯಾಲೆಂಡರಿನ ಹಿಮಶಿಖರಕ್ಕಿಂತ ಯಾರೂ ಫೋಟೋ ತೆಗೆಯದ ಆ ಕಾಡೇ ದೊಡ್ಡದೆನಿಸಿತು.

ಜುಲೈ 16

ಗುಡ್ಡ ಹತ್ತಿದೆವು; ಇಲ್ಲಿ ವ್ಯಾನಿನಿಂದ ಇಳಿಯಲು ಬಿಡುತ್ತಾರೆ. ಕೆಳಗೆ ಬಿಳಿಚಿದ ಬಯಲು, ಅದರೊಳಗೆ ಜೌಗಿನ ಹಸಿರು ಪಟ್ಟೆ, ನೀರಾನೆಗಳ ಬೆನ್ನು. ಅಲ್ಲಲ್ಲಿ ಒಣಗಿದ ಮರಗಳ ಬೊಡ್ಡೆ. ಹಳದಿ ತೊಗಟೆಯ ಜಾಲಿ ಹಿಂದೆ ಇಲ್ಲಿ ತೋಪುತೋಪಾಗಿತ್ತಂತೆ. ತೊಗಟೆ ಸುಲಿದ ಆನೆಗಳ ತಪ್ಪು ಇದ್ದದ್ದೇ. ಆದರೆ ಅಂತರ್ಜಲ ಮೇಲೇರಿ ಬೇರಿಗೆ ಉಪ್ಪು ತಂದದ್ದೂ ಉಂಟು. ಕಾಪಾಡುವ ನೀರೇ ಸವಳನ್ನೂ ಎತ್ತಿ ತಂದಿತು.

1974ರಲ್ಲಿ ಉದ್ಯಾನವಾದ ಮೇಲೆ ಮಾಸಾಯಿಗಳು ಈ ಜೌಗನ್ನು ಬಿಟ್ಟುಕೊಡಬೇಕಾಯಿತು. 'ನಮ್ಮಜ್ಜನ ದನ ಇಲ್ಲೇ ನೀರು ಕುಡಿಯುತ್ತಿತ್ತು' ಎಂದರು ಗೈಡ್, ದೂರು ಹೇಳುವ ದನಿಯಲ್ಲೇನೂ ಅಲ್ಲ. ನನಗೆ ಏನು ಹೇಳಲೂ ತೋಚಲಿಲ್ಲ.

ಸಂಜೆ ಗೇಟು ದಾಟುವಾಗ ಆಚೆ ಒಂದು ಹಿಂಡು ಧೂಳೆಬ್ಬಿಸಿ ಬರುತ್ತಿತ್ತು. ಗೈಡ್ ವ್ಯಾನ್ ನಿಲ್ಲಿಸಿ ಕಾಯ್ದರು. ಕೊನೆಯ ಕರುವೂ ದಾಟಿತು. ಕೊರಳ ಗಂಟೆ ಸುಮಾರು ಹೊತ್ತು ಕೇಳಿಸಿತು.