ಹೆನ್ರಿಯ 2401 ಪದರಗಳು

2009ರ ಡಿಸೆಂಬರ್ ಮೊದಲ ವಾರ. ನಾನಾಗ ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ಗುರುವಾರ ಮಧ್ಯಾಹ್ನ ಪಾಠ ಮುಗಿಸಿದ ಮೇಡಂ ಪುಸ್ತಕ ಮಡಚುತ್ತಾ, “ಹೆನ್ರಿಯನ್ನ ನೋಡಬೇಕು ಅನ್ನೋರು ರಾತ್ರಿ ನಮ್ಮನೆಗೆ ಬನ್ರಪ್ಪಾ. ಊಟ ಅಲ್ಲೇ” ಅಂದರು. ಹೆನ್ರಿ ಯಾರೆಂದು ನಮಗೆಲ್ಲ ಗೊತ್ತಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಬರೀ ‘ಎಚ್.ಎಂ.’ ಆಗಿದ್ದವನು. ಹಿಂದಿನ ವರ್ಷ ಡಿಸೆಂಬರ್ 2ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆಯೇ ಅವನ ಪೂರ್ತಿ ಹೆಸರು ಜಗತ್ತಿಗೆ ತಿಳಿದದ್ದು: ಹೆನ್ರಿ ಮೊಲೇಸನ್.

ಸರಸ್ವತಿಪುರಂನ ಆ ಮನೆಯ ಹಾಲ್‌ನಲ್ಲಿ ನಾವು ಐದಾರು ಜನ ಕಂಪ್ಯೂಟರ್ ಸುತ್ತ ಚಾಪೆ ಹಾಕಿಕೊಂಡು ಕೂತೆವು. ಪರದೆಯ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಒಂದು ಪ್ರಯೋಗಾಲಯ. ಜೆಲಟಿನ್‌ನಲ್ಲಿ ಹುದುಗಿಸಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಹೆನ್ರಿಯ ಮಿದುಳು. ಅಗಲವಾದ ಅಲಗು ಅದರ ಮೇಲೆ ಹಾಯ್ದಾಗಲೆಲ್ಲ ಕೂದಲೆಳೆಯಷ್ಟು ತೆಳುವಾದ, 70 ಮೈಕ್ರಾನ್ ದಪ್ಪದ ಒಂದು ಪದರ ಮೇಲೆದ್ದು ಬರುತ್ತಿತ್ತು. ಯಾಕೊಪೊ ಅನ್ನೇಸೆ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅದನ್ನು ಕುಂಚದಿಂದ ಮೆಲ್ಲಗೆ ಎತ್ತಿ ದ್ರಾವಣಕ್ಕೆ ಬಿಡುತ್ತಿದ್ದರು. ಪ್ರತಿ ಪದರಕ್ಕೂ ಒಂದು ಫೋಟೊ. 53 ಗಂಟೆ ನಡೆದ ಆ ಕೆಲಸ ಮುಗಿದಾಗ ಸಿಕ್ಕಿದ್ದು 2401 ಪದರಗಳು. ಇಂಟರ್‌ನೆಟ್‌ನಲ್ಲಿ ಅದನ್ನು ನೋಡಿದವರು ಸುಮಾರು 4 ಲಕ್ಷ ಮಂದಿ.

ನಮ್ಮಲ್ಲೊಬ್ಬ ಅರಸೀಕೆರೆ ಕಡೆಯ ಹುಡುಗ, ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಸ್ವಲ್ಪ ಹೊತ್ತು ನೋಡಿ ಕೇಳಿಯೇಬಿಟ್ಟ: “ಮೇಡಂ, ಒಬ್ಬ ಮನುಷ್ಯನಿಗೆ ಇಷ್ಟೊಂದು ಯಾಕೆ? ಸ್ಯಾಂಪಲ್ ಸೈಜ್ ಒಂದು. ಒಂದರಿಂದ ಏನನ್ನ ಅಂತ ಸಾಧಿಸೋಕಾಗುತ್ತೆ?”

“ಮುದ್ದೆ ಆರಿಹೋಗುತ್ತೆ, ಊಟ ಮಾಡ್ತಾ ಕೇಳು” ಅಂದರು ಮೇಡಂ. ಅವರೆಕಾಳಿನ ಸಾರು ಬಡಿಸಿ, ತಾವೂ ತಟ್ಟೆ ಹಿಡಿದು ಕೂತು ಶುರುಮಾಡಿದರು. ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೆನ್ರಿ ಅಮೆರಿಕದ ಕನೆಕ್ಟಿಕಟ್‌ನವನು. ಹತ್ತನೇ ವಯಸ್ಸಿನ ಹೊತ್ತಿಗೆ ಸಣ್ಣ ಸಣ್ಣ ಫಿಟ್ಸ್ ಶುರುವಾಯಿತು. ಹದಿನೈದು ತುಂಬಿದ ಹುಟ್ಟುಹಬ್ಬದ ದಿನ, ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಹೋಗುವಾಗ, ಮೊದಲ ದೊಡ್ಡ ಫಿಟ್ಸ್ ಬಂತು. ಬರಬರುತ್ತಾ ಕೆಲಸ ಮಾಡುವುದೂ ಕಷ್ಟವಾಯಿತು, ಔಷಧಿ ನಾಟಲಿಲ್ಲ. 1953ರ ಆಗಸ್ಟ್ 25ರಂದು ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು 27ರ ಆ ಯುವಕನ ಮಿದುಳಿನ ಎರಡೂ ಬದಿಯ ಒಳಭಾಗವನ್ನು, ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲು ಸೇರಿದಂತೆ, ಹೀರಿ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆವತ್ತಿನಿಂದ ಆಚೆಗೆ ನಡೆದ ಹೆಚ್ಚುಕಡಿಮೆ ಯಾವುದೂ ಹೆನ್ರಿಯ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಅದೇ ಕಾಲಕ್ಕೆ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಹೆಸರಾಂತ ಶಸ್ತ್ರವೈದ್ಯರ ಇಬ್ಬರು ರೋಗಿಗಳು, ಮಿದುಳಿನ ಒಂದೇ ಬದಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ನೆನಪು ಕಳೆದುಕೊಂಡಿದ್ದರು. ಅವರನ್ನು ಪರೀಕ್ಷಿಸಿದ್ದ ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆಗೊಂದು ಊಹೆಯಿತ್ತು: ಇವರ ಇನ್ನೊಂದು ಬದಿ ಮೊದಲೇ ಕೆಟ್ಟಿರಬೇಕು. ಆ ವರದಿಯ ಸಾರಾಂಶ ಓದಿದ ಸ್ಕೋವಿಲ್ ಪೆನ್‌ಫೀಲ್ಡರಿಗೆ ಫೋನ್ ಮಾಡಿ, ಇಂಥವನೊಬ್ಬ ನನ್ನಲ್ಲೂ ಇದ್ದಾನೆ ಎಂದರು. 1955ರಲ್ಲಿ ಮಿಲ್ನರ್ ಮಾಂಟ್ರಿಯಲ್‌ನಿಂದ ರಾತ್ರಿ ರೈಲು ಹತ್ತಿ ಹೆನ್ರಿಯನ್ನು ಕಾಣಲು ಹೋದರು.

ಇಲ್ಲಿ ಮೇಡಂ ಮಾತು ನಿಲ್ಲಿಸಿ ನಮ್ಮ ಅರಸೀಕೆರೆ ಗೆಳೆಯನ ಕಡೆ ತಿರುಗಿದರು. “ನೀನು ಮಿಲ್ನರ್ ಜಾಗದಲ್ಲಿದ್ರೆ ಮೊದಲು ಏನು ಕೇಳ್ತಿದ್ದೆ, ಹೇಳು.”

“ನೆನಪು ಎಷ್ಟು ಹೋಗಿದೆ ಅಂತ.”

“ಅದನ್ನ ಹೆನ್ರಿಯ ಅಮ್ಮನೂ ಹೇಳ್ತಿದ್ರು. ಏನೇನು ಹೋಗಿಲ್ಲ ಅಂತ ಹುಡುಕಬೇಕು ಕಣಪ್ಪ. ವಿಜ್ಞಾನ ಶುರುವಾಗಿದ್ದು ಅಲ್ಲಿ.”

ಮಿಲ್ನರ್ ಹುಡುಕಿದರು. ಬುದ್ಧಿಮತ್ತೆ ಕುಗ್ಗಿರಲಿಲ್ಲ, ಐಕ್ಯೂ 112 ಬಂತು. ಮಾತು ಸರಾಗವಾಗಿತ್ತು, ಬಾಲ್ಯದ ನೆನಪುಗಳು ಉಳಿದಿದ್ದವು. 584 ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿದರೆ, ಅಂಕಿಗಳನ್ನು ಕೂಡಿ ಕಳೆದು ಮನಸ್ಸಿನಲ್ಲೇ ತಿರುವುತ್ತಾ ಕಾಲು ಗಂಟೆ ಹಿಡಿದಿಟ್ಟುಕೊಳ್ಳುತ್ತಿದ್ದ. ಗಮನ ಬೇರೆ ಕಡೆ ಸರಿದರೆ ಸಂಖ್ಯೆ ಹೋಯಿತು, ಸಂಖ್ಯೆ ಕೊಟ್ಟಿದ್ದರೆಂಬುದೂ ಹೋಯಿತು. ಅಂದರೆ, ಆ ಕ್ಷಣಕ್ಕೆ ಹಿಡಿದಿಡುವ ಶಕ್ತಿ ಒಂದು, ದೀರ್ಘಕಾಲಕ್ಕೆ ಕೂಡಿಡುವ ಶಕ್ತಿ ಇನ್ನೊಂದು.

ಆಮೇಲಿನ ಪರೀಕ್ಷೆ ಕನ್ನಡಿಯದು. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರ. ಕೈಯನ್ನಾಗಲಿ ಕಾಗದವನ್ನಾಗಲಿ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲಿಗೆ ಎಲ್ಲರ ಕೈಯೂ ಅಡ್ಡಾದಿಡ್ಡಿ ಹೋಗುತ್ತದೆ, ಹೆನ್ರಿಯದೂ ಹೋಯಿತು. ಮೂರು ದಿನ ಅದನ್ನೇ ಮಾಡಿಸಿದರು. ಮೂರನೇ ದಿನ ಅವನ ಗೆರೆ ಚೊಕ್ಕವಾಗಿ ಬಂತು. ಆದರೆ ಅಂಥದ್ದೊಂದನ್ನು ಹಿಂದೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. ಕೈ ಕಲಿತಿತ್ತು, ಕಲಿತದ್ದು ಅವನಿಗೆ ಗೊತ್ತಿರಲಿಲ್ಲ.

ಹಾಲ್‌ನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ ಗೆಳೆಯನ ಪ್ರಶ್ನೆಗೆ ಬಂದರು. 1950ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ದೊಡ್ಡ ವಿದ್ವಾಂಸ, ವರ್ಷಗಟ್ಟಲೆ ಇಲಿಗಳ ಮೇಲೆ ಪ್ರಯೋಗ ಮಾಡಿ, ನೆನಪಿಗೆ ಮಿದುಳಿನಲ್ಲಿ ಇಂಥದ್ದೇ ಎಂಬ ಜಾಗ ಕಾಣುತ್ತಿಲ್ಲ ಎಂದು ಬರೆದಿದ್ದರು. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ತಮ್ಮ ಪ್ರಬಂಧ ಪ್ರಕಟಿಸಿದಾಗ ಆ ನಂಬಿಕೆ ಬಿರುಕುಬಿಟ್ಟಿತು. “ನೆನಪೆಲ್ಲ ಒಂದೇ, ಅದು ಮಿದುಳಿನ ತುಂಬ ಹರಡಿದೆ ಅನ್ನೋ ಮಾತನ್ನ ಮುರಿಯೋಕೆ ಒಬ್ಬ ಸಾಕು” ಅಂದರು ಮೇಡಂ. “ಎಲ್ಲರೂ ಹೀಗೇ ಅಂತ ಸಾಧಿಸೋಕೆ ಮಾತ್ರ ಒಬ್ಬ ಸಾಲದು. ಈ ಎರಡನ್ನ ಕಲಸಬೇಡ.”

ಗೆಳೆಯ ಅಷ್ಟಕ್ಕೇ ಬಿಡುವವನಲ್ಲ. “ಅವನಿಗೆ ಮೊದಲೇ ಫಿಟ್ಸ್ ಇತ್ತಲ್ಲ ಮೇಡಂ, ವರ್ಷಗಟ್ಟಲೆ ಮಾತ್ರೆ ನುಂಗಿದ್ನಲ್ಲ. ಕೆಟ್ಟಿದ್ದು ಆಪರೇಷನ್‌ನಿಂದಲೇ ಅಂತ ಹೇಗೆ ಹೇಳ್ತೀರಿ?”

“ಸರಿಯಾಗಿ ಕೇಳಿದೆ” ಅಂದರು. ಆ ಅನುಮಾನ ಬೇಕು, ಅದಕ್ಕೇ ಯಾರೂ ಹೆನ್ರಿಯೊಬ್ಬನ ಮೇಲೆ ಭಾರ ಹಾಕಿ ಸುಮ್ಮನಾಗಲಿಲ್ಲ ಎಂದು ವಿವರಿಸಿದರು. 1957ರ ಪ್ರಬಂಧದಲ್ಲೇ ಸ್ಕೋವಿಲ್ಲರ ಬೇರೆ ರೋಗಿಗಳನ್ನೂ ಪರೀಕ್ಷಿಸಿ ಹೋಲಿಸಿದ್ದರು: ಹಿಪೊಕ್ಯಾಂಪಸ್ ಉಳಿಸಿದವರಲ್ಲಿ ಇಂಥ ಮರೆವು ಕಾಣಲಿಲ್ಲ. ಪೆನ್‌ಫೀಲ್ಡರ ರೋಗಿಗಳಲ್ಲೊಬ್ಬ ತೀರಿಕೊಂಡ ಮೇಲೆ ಮಿದುಳನ್ನು ನೋಡಿದಾಗ ಮಿಲ್ನರ್ ಊಹಿಸಿದಂತೆಯೇ ಇನ್ನೊಂದು ಬದಿಯ ಹಿಪೊಕ್ಯಾಂಪಸ್ ಕೆಟ್ಟಿತ್ತು. ಕೋತಿಗಳಲ್ಲಿ ಅದೇ ಭಾಗವನ್ನು ತೆಗೆದು ನೋಡಿದರು. 1986ರಲ್ಲಿ ‘ಆರ್.ಬಿ.’ ಎಂಬ ಮತ್ತೊಬ್ಬ ರೋಗಿಯ ವರದಿ ಬಂತು. ಅವನಿಗೆ ಹೆನ್ರಿಯಂಥ ಶಸ್ತ್ರಚಿಕಿತ್ಸೆಯೇ ಆಗಿರಲಿಲ್ಲ. ಮಿದುಳಿಗೆ ರಕ್ತ ಸಾಲದೆ ಹಿಪೊಕ್ಯಾಂಪಸ್‌ನ ಒಂದು ಸಣ್ಣ ಪಟ್ಟಿ ಕೆಟ್ಟಿತ್ತು, ಅಷ್ಟಕ್ಕೇ ಹೊಸ ನೆನಪು ನಿಲ್ಲುವುದು ಕಷ್ಟವಾಗಿತ್ತು. ಹೀಗೆ ಹೆನ್ರಿ ಎತ್ತಿದ ಪ್ರಶ್ನೆಗೆ ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಸೇರಿದರು.

ಗಂಟೆ ಹನ್ನೊಂದು ದಾಟಿರಬೇಕು. ಅಷ್ಟು ಹೊತ್ತೂ ಸುಮ್ಮನಿದ್ದ ಕೊಡಗಿನ ಗೆಳತಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: “ಇದಕ್ಕೆಲ್ಲ ಅವರು ಒಪ್ಪಿದ್ರಾ ಮೇಡಂ? ಒಪ್ಪಿದ್ದೂ ಮರೆತುಹೋಗ್ತಿತ್ತಲ್ಲ.”

ಆ ರಾತ್ರಿಯ ಅತಿ ಕಷ್ಟದ ಪ್ರಶ್ನೆ ಅದು. ಮೇಡಂ ಅವಸರ ಮಾಡಲಿಲ್ಲ. ಹೆನ್ರಿಯನ್ನು ದಶಕಗಟ್ಟಲೆ ಅಧ್ಯಯನ ಮಾಡಿದವರು ಮಿಲ್ನರರ ಶಿಷ್ಯೆ ಸುಝನ್ ಕಾರ್ಕಿನ್. ಪ್ರತಿ ಸಲವೂ ಅವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಿತ್ತು. ತನ್ನಿಂದ ತಿಳಿದದ್ದು ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ ಎಂದು ಅವನು ಹೇಳುತ್ತಿದ್ದುದನ್ನು ಅವರು ದಾಖಲಿಸಿದ್ದಾರೆ. ಬದುಕಿದ್ದಷ್ಟು ದಿನ ಅವನ ಹೆಸರು ಹೊರಬೀಳದಂತೆ ಕಾದರು. “ಆದ್ರೂ ನಿನ್ನ ಪ್ರಶ್ನೆ ಮುಗಿಯಲ್ಲ, ಮುಗೀಬಾರದು” ಅಂದರು ಮೇಡಂ. “ಸಾವಿರ ಜನರ ಸರ್ವೇ ಮಾಡಿದ್ರೆ ಯಾರ ಋಣ ಎಷ್ಟು ಅಂತ ಗೊತ್ತಾಗಲ್ಲ. ಒಬ್ಬನಿಂದ ಕಲಿತ್ರೆ ಋಣ ಅವನೊಬ್ಬನದೇ.”

ಅವಳ ಪ್ರಶ್ನೆ ಮುಗಿಯಲೂ ಇಲ್ಲ. ಕಾರ್ಕಿನ್ 2013ರಲ್ಲಿ ಹೆನ್ರಿಯ ಬಗ್ಗೆ ಪುಸ್ತಕ ಬರೆದರು. ಸ್ಕೋವಿಲ್ಲರ ಮೊಮ್ಮಗ, ಪತ್ರಕರ್ತ ಲ್ಯೂಕ್ ಡಿಟ್ರಿಚ್ 2016ರಲ್ಲಿ ಇನ್ನೊಂದು ಬರೆದು, ಹೆನ್ರಿಯ ಪರವಾಗಿ ಒಪ್ಪಿಗೆ ಕೊಟ್ಟವರಾರು, ಕೊಡಬೇಕಾದವರಾರು ಎಂದು ಬಹಿರಂಗವಾಗಿ ಕೇಳಿದರು. ದೊಡ್ಡ ಜಗಳವೇ ಆಯಿತು. ಆಗಬೇಕಾದ ಜಗಳ ಅದು ಎಂದೇ ನನ್ನ ಭಾವನೆ.

ನಾವು ಆ ರಾತ್ರಿ ನೋಡಿದ ಪದರಗಳ ಫಲಿತಾಂಶ 2014ರಲ್ಲಿ ಬಂತು. ತಾವು ತೆಗೆದದ್ದು ಸುಮಾರು 8 ಸೆಂಟಿಮೀಟರ್ ಉದ್ದದ ಭಾಗ ಎಂದು ಸ್ಕೋವಿಲ್ ಅಂದಾಜಿಸಿದ್ದರು. ಅಷ್ಟು ಹೋಗಿಲ್ಲವೆಂದು 1997ರ ಎಂಆರ್‌ಐ ವರದಿಯೇ ಹೇಳಿತ್ತು. ಈಗ ಪದರಗಳಲ್ಲಿ ಹಿಪೊಕ್ಯಾಂಪಸ್‌ನ ಹಿಂಭಾಗದ ಒಂದಷ್ಟು ಉಳಿದಿರುವುದು ಸ್ಪಷ್ಟವಾಗಿ ಕಂಡಿತು. ಮಿದುಳಿನ ಮುಂಭಾಗದಲ್ಲಿ, ಎಡಕ್ಕೆ, ಅದುವರೆಗೆ ಯಾರೂ ಹೇಳದಿದ್ದ ಒಂದು ಗಾಯವೂ ಸಿಕ್ಕಿತು. ಐವತ್ತು ವರ್ಷ ಪಾಠ ಹೇಳಿದ್ದ ಪ್ರಕರಣದಲ್ಲೂ ತಿದ್ದಬೇಕಾದದ್ದು ಉಳಿದಿತ್ತು.

ಈಗ ನಾನೂ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳು ಕೇಸ್ ರೆಕಾರ್ಡ್ ಬರೆದು ತರುತ್ತಾರೆ. ಒಬ್ಬರ ಕಷ್ಟವನ್ನು ಮನಮುಟ್ಟುವಂತೆ ಬರೆದರೆ ಕೇಸ್ ಸ್ಟಡಿ ಆಯಿತೆಂದು ಹಲವರ ಎಣಿಕೆ. ನಾನು ಅವರಿಗೆ ಕೇಳುವುದಿಷ್ಟು: ಇವರಲ್ಲಿ ಕೆಡದೆ ಉಳಿದದ್ದೇನು, ನೋಡಿದಿರಾ? ನಿಮ್ಮ ವಿವರಣೆ ತಪ್ಪಾಗಿದ್ದರೆ ಅದು ಯಾವುದರಿಂದ ಗೊತ್ತಾಗಬೇಕು? ನಾಳೆ ಬೇರೊಬ್ಬರು ಬಂದು ನೋಡಿದರೆ ನಿಮ್ಮನ್ನು ತಿದ್ದಲು ಬೇಕಾದದ್ದೆಲ್ಲ ಈ ಹಾಳೆಗಳಲ್ಲಿದೆಯೇ? ಕೊನೆಯದಾಗಿ, ಇವರು ನಿಜವಾಗಿ ಒಪ್ಪಿದ್ದಾರೆಯೇ? ಈ ನಾಲ್ಕಕ್ಕೂ ಉತ್ತರವಿದ್ದರೆ, ಸ್ಯಾಂಪಲ್ ಸೈಜ್ ಒಂದೇ ಆದರೂ ನಾನು ಸಹಿ ಹಾಕುತ್ತೇನೆ.